ಬೆಟ್ಟದ ಮೇಲೆ ಚಂದ್ರ ಇರಲೇ ಇಲ್ಲ, ಸ್ವಾಮಿ!

ಚನ್ನಪಟ್ಟಣದ ಹಳೇ ಸ್ಟುಡಿಯೊ ಒಂದರ ಅಟ್ಟ. ಮದುವೆ ಆಲ್ಬಮ್ಮುಗಳ ರಟ್ಟಿನ ಡಬ್ಬಿಗಳ ಹಿಂದೆ ನಿಂತಿದ್ದ ತೇಗದ ಕ್ಯಾಮೆರಾ ಸ್ಟ್ಯಾಂಡ್, ಮಾತು ಶುರುವಾಗುವ ಮೊದಲೇ ಒಂದು ಷರತ್ತು ಹಾಕಿತು. ಪತ್ರಿಕೆಯ ಪ್ರತಿನಿಧಿ ತನ್ನ ಮೊಬೈಲನ್ನು ಕೆಳಗೆ ಬಿಟ್ಟು ಬರಬೇಕು.

“ಅದಕ್ಕೆ ಚಂದ್ರನ್ನ ತೋರ್ಸುದ್ರೆ ಕಾಣದೇ ಇರೋದನ್ನೂ ತಾನೇ ಬರ್ಕೊಳ್ಳುತ್ತೆ. ನಾಳೆ ನಾನು ಆಡದೇ ಇರೋ ಮಾತನ್ನೂ ಬರ್ಕೊಂಡ್ರೆ?”

ಅನುಮಾನ ಆಧಾರವಿಲ್ಲದ್ದೇನಲ್ಲ. 2023ರಲ್ಲಿ ಒಬ್ಬ ಹವ್ಯಾಸಿ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯಲ್ಲಿ ಹಾಕಿ, ಕತ್ತಲೆ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಅದರ ಫೋಟೊ ತೆಗೆದ. ಮಸುಕಿನಲ್ಲಿ ಇಲ್ಲದ ಕುಳಿ, ಕಲೆಗಳೆಲ್ಲ ಫೋಟೊದಲ್ಲಿ ಪ್ರತ್ಯಕ್ಷವಾದವು. ಫೋನು ಚಂದ್ರನನ್ನು ಗುರುತಿಸಿ ಕೃತಕ ಬುದ್ಧಿಯಿಂದ ವಿವರಗಳನ್ನು ಸ್ಫುಟಗೊಳಿಸುತ್ತದೆ ಎಂದು ಕಂಪನಿಯೇ ವಿವರಣೆ ಕೊಟ್ಟಿತು. ಪ್ರತಿನಿಧಿ ತೆಪ್ಪಗೆ ಇಳಿದು ಹೋಗಿ ಮೊಬೈಲ್ ಇಟ್ಟು, ಪೆನ್ನು ಹಿಡಿದು ಬಂದ.

ಅವನ ಚೀಲದಲ್ಲಿ ಒಂದು ಪ್ರಿಂಟ್ ಇತ್ತು. ರಾಮನಗರದ ರಾಮದೇವರ ಬೆಟ್ಟದ ನೆತ್ತಿಗೆ ತಾಗಿಕೊಂಡು, ಬೆಟ್ಟದ ಅರ್ಧದಷ್ಟು ದೊಡ್ಡದಾದ ಕೆಂಪು ಚಂದ್ರ. ಕೆಳಗೆ ‘ಪೂರ್ಣ ಚಂದ್ರಗ್ರಹಣ, 7 ಸೆಪ್ಟೆಂಬರ್ 2025’ ಎಂದು ಬರೆದು, ತೆಗೆದವರ ಹೆಸರನ್ನು ಚಂದ್ರನಿಗಿಂತ ಎದ್ದು ಕಾಣುವಂತೆ ಅಚ್ಚು ಹಾಕಿತ್ತು. ಮುಖಪುಟಕ್ಕೆ ಬಂದ ಚಿತ್ರ.

“ಏನನ್ಸುತ್ತೆ ಯಜಮಾನ್ರೇ?”

“ಬೆಟ್ಟ ಚೆನ್ನಾಗಿದೆ. ಆವತ್ತು ಗ್ರಹಣದ ಮಧ್ಯಕಾಲ ಎಷ್ಟೊತ್ತಿಗೆ?”

“ರಾತ್ರಿ 11.41.”

“ಚಂದ್ರ ಎಲ್ಲಿದ್ದ?”

ಪ್ರತಿನಿಧಿ ಬೆರಳನ್ನು ಬೆಟ್ಟದ ದಿಕ್ಕಿಗೆ ಚಾಚಿದ. ಸ್ಟ್ಯಾಂಡ್ ನಕ್ಕಿತು, ಹಿತ್ತಾಳೆಯ ತಿರುಪುಗಳು ಗಲಗಲ ಅಂದವು. ಆ ಹೊತ್ತಿಗೆ ಚಂದ್ರ ದಿಗಂತದಿಂದ ಸುಮಾರು 70 ಡಿಗ್ರಿ ಮೇಲಿದ್ದ, ಹೆಚ್ಚುಕಡಿಮೆ ನಡುನೆತ್ತಿ. ಪೂರ್ಣಗ್ರಹಣ ಇದ್ದದ್ದು 11.01ರಿಂದ 12.23ರವರೆಗೆ, ಒಟ್ಟು 82 ನಿಮಿಷ. ಅಷ್ಟೂ ಹೊತ್ತು ಅವನು 60 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಬೆಟ್ಟವನ್ನೂ ಅವನನ್ನೂ ದೂರದಿಂದ ಒಂದೇ ಚೌಕಟ್ಟಿಗೆ ತರುವಂಥ ಲೆನ್ಸು ಹಾಕಿದರೆ ಚಂದ್ರ ಸಾಸಿವೆ ಕಾಳಿನಷ್ಟಾಗುತ್ತಾನೆ. ಅವನನ್ನು ದೊಡ್ಡದು ಮಾಡುವ ಲೆನ್ಸು ಹಾಕಿದರೆ ಬೆಟ್ಟ ಚೌಕಟ್ಟಿನ ಹತ್ತಿರಕ್ಕೂ ಬರುವುದಿಲ್ಲ.

“ಆದ್ರೂ ಫೋಟೊ ಇದೆಯಲ್ಲ?”

“ಶೋಲೆ ಪಿಚ್ಚರಲ್ಲಿ ರಾಮಗಢ ಇರ್ಲಿಲ್ವಾ? ಹಂಗೆ.”

ಈ ಸೀಮೆಯ ಬಂಡೆಗಳಿಗೆ ವೇಷ ಹಾಕುವುದು ಹೊಸದಲ್ಲ. 1975ರಲ್ಲಿ ತೆರೆಗೆ ಬಂದ ‘ಶೋಲೆ’ಯಲ್ಲಿ ರಾಮನಗರದ ಬೆಟ್ಟಗಳು ಉತ್ತರದ ಡಕಾಯಿತರ ನಾಡಾದವು. 1984ರಲ್ಲಿ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆದಾಗ ಮಾಗಡಿ ಸೀಮೆಯ ಸಾವನದುರ್ಗ ಕಥೆಯ ಮರಬಾರ್ ಗುಹೆಗಳ ಬೆಟ್ಟವಾಯಿತು. ಆದರೆ ಆಗ ಸುಳ್ಳು ಹೇಳಲು ನೂರಾರು ಜನರ ಯೂನಿಟ್ ಬೇಕಿತ್ತು. ಈಗ ಹೆಬ್ಬೆರಳು ಸಾಕು.

ಹಾಗಾದರೆ ಆ ರಾತ್ರಿ ನಿಜಕ್ಕೂ ನಡೆದದ್ದೇನು? ಬೆಂಗಳೂರಿನ ಆಕಾಶದಲ್ಲಿ ಮೋಡಗಳ ಕಣ್ಣಾಮುಚ್ಚಾಲೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಬೆಂಗಳೂರು, ತಮಿಳುನಾಡು, ಲಡಾಖ್‌ಗಳಿಂದ ನೇರಪ್ರಸಾರ ಇಟ್ಟುಕೊಂಡಿದ್ದರಿಂದ ಮೋಡದಡಿ ಸಿಕ್ಕಿಕೊಂಡವರಿಗೂ ಗ್ರಹಣ ದಕ್ಕಿತು. ಕೆಲವರು ಅದರ ಸ್ಕ್ರೀನ್‌ಶಾಟ್ ಹೊಡೆದು ಮೂಲೆಯಲ್ಲಿ ತಮ್ಮ ಹೆಸರು ಬರೆದುಕೊಂಡರೆಂದು ಸ್ಟ್ಯಾಂಡಿನ ಆರೋಪ. ಪುರಾವೆ ಕೇಳಿದ್ದಕ್ಕೆ ಅದು ಮಾತು ಬದಲಿಸಿತು.

“ಬೆಟ್ಟದ ಹತ್ರ ಹೋಗಿದ್ರೆ ತಾನೆ? ಅದು ರಣಹದ್ದು ಧಾಮ ಆಗಿ ಹದಿಮೂರು ವರ್ಷ ಆಗಿತ್ತು. ಕತ್ಲಾದ ಮೇಲೆ ಅಲ್ಲಿ ಚಿರತೆ, ಕರಡಿದೇ ಪಾಳಿ. ಕನಕಪುರದಿಂದ ಸಂಗಮದ ಕಡೆ ಹೋಗೋಣ ಅಂದ್ರೆ ಆನೆ. ಎಲ್ರೂ ಹತ್ತಿದ್ದು ತಂತಮ್ಮ ಮನೆ ತಾರಸಿ. ಅದ್ರಲ್ಲಿ ನಾಚ್ಕೆ ಏನಿದೆ? ತಾರಸಿ ಫೋಟೊ ಅಂತಾನೇ ಹಾಕ್ಲಿ.”

ತಾರಸಿಯ ಸಂಗತಿ ಬಂದದ್ದೇ ಸ್ಟ್ಯಾಂಡಿಗೆ ಹುರುಪಾಯಿತು. ಅದರ ಕಸುಬಿನ ವಿಷಯ. ಹುಣ್ಣಿಮೆಯ ಚಂದ್ರನೆಂದರೆ ಬಿಸಿಲು ಬಿದ್ದ ಬಂಡೆ. ಐಎಸ್‌ಒ 100, ಎಫ್/11 ಇಟ್ಟರೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು, ಕೈಯಲ್ಲಿ ಹಿಡಿದೇ ತೆಗೆಯಬಹುದು. “ಅಲ್ಲೀವರ್ಗೂ ನನ್ನ ಯಾರೂ ಮಾತಾಡ್ಸಲ್ಲ.” ಚಂದ್ರ ಭೂಮಿಯ ನೆರಳಿಗೆ ಪೂರ್ತಿ ಇಳಿದ ಮೇಲೆ ಕಥೆ ಬೇರೆ. ಆಗ ಅವನಿಗೆ ಸಿಗುವುದು ಭೂಮಿಯ ಗಾಳಿಯ ಅಂಚಿನಲ್ಲಿ ಬಾಗಿ ಬಂದ ಬೆಳಕು ಮಾತ್ರ. ನೀಲಿ ದಾರಿಯಲ್ಲೇ ಚೆದುರಿ ಹೋಗಿ ಕೆಂಪು ಉಳಿದಿರುತ್ತದೆ. ಐಎಸ್‌ಒ 800ಕ್ಕೆ ಏರಿಸಿದರೂ ಒಂದೆರಡು ಸೆಕೆಂಡು ಶಟರ್ ತೆರೆದೇ ಇರಬೇಕು. ಅಷ್ಟರಲ್ಲಿ ಕೆಳಗಿನ ಮನೆಯವರು ನೀರಿನ ಮೋಟಾರ್ ಹಾಕುತ್ತಾರೆ. ಮೈಸೂರು ರೈಲು ಹೋಗುತ್ತದೆ. ಚಿಕ್ಕಪ್ಪ ಸ್ಲಿಪ್ಪರ್ ಎಳೆದುಕೊಂಡು ಬಂದು “ಬಂತಾ?” ಎಂದು ಇಣುಕುತ್ತಾರೆ. ಫೋಟೊದಲ್ಲಿ ಚಂದ್ರ ಎರಡಾಗುತ್ತಾನೆ.

“ನಿಮ್ಮ ಸಲಹೆ?”

“ಕಾಲು ಅಗಲ ಮಾಡಿ, ಎತ್ತರ ಕಮ್ಮಿ ಮಾಡಿ. ನಡುಗಂಬ ಎತ್ತಬೇಡಿ. ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೀರಿ. ಚಿಕ್ಕಪ್ಪನ್ನ ಕೂರ್ಸಿ.”

400 ಮಿಲಿಮೀಟರ್ ಲೆನ್ಸಿನಲ್ಲೂ ಸೆನ್ಸರಿನ ಮೇಲೆ ಬೀಳುವ ಚಂದ್ರನ ಬಿಂಬ ನಾಲ್ಕು ಮಿಲಿಮೀಟರ್ ಇರುವುದಿಲ್ಲ. ಮೇಲಾಗಿ ಭೂಮಿ ತಿರುಗುವುದರಿಂದ ಎರಡು ನಿಮಿಷಕ್ಕೊಮ್ಮೆ ಅವನು ತನ್ನ ಅಗಲದಷ್ಟು ಸರಿದಿರುತ್ತಾನೆ. ನಡುನೆತ್ತಿಯವನನ್ನು ಹಿಂಬಾಲಿಸಿ ಕತ್ತು ಉಳುಕಿಸಿಕೊಂಡವರು ಮಾರನೇ ದಿನ ಅದನ್ನೂ ಗ್ರಹಣದ ದೋಷಕ್ಕೆ ಸೇರಿಸಿದರಂತೆ.

ದೋಷದ ಮಾತು ಬಂದಾಗ ಸ್ಟ್ಯಾಂಡ್ ಪಂಚಾಂಗದ ಪರ ವಹಿಸಿದ್ದು ಪ್ರತಿನಿಧಿಗೆ ಅಚ್ಚರಿ. ಗ್ರಹಣದಲ್ಲಿ ಉಣ್ಣಬಾರದೆಂಬುದನ್ನು ಅದು ನಂಬುವುದಿಲ್ಲ; ತನಗೆ ಹೊಟ್ಟೆಯೇ ಇಲ್ಲ ಎಂದಿತು. ಆದರೆ ಸ್ಪರ್ಶ, ಮಧ್ಯ, ಮೋಕ್ಷಗಳ ಲೆಕ್ಕ ಗೌರವದ್ದು. ಭೂಮಿಯ ನೆರಳೇ ಚಂದ್ರನನ್ನು ಮುಚ್ಚುವುದೆಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಬರೆದ. ಮೂಢನಂಬಿಕೆ ಎಂದು ಮೂಗು ಮುರಿಯುವ ಫೋಟೊಗ್ರಾಫರನೂ ಅಲಾರಂ ಇಟ್ಟುಕೊಳ್ಳುವುದು ಗೋಡೆಯ ಕ್ಯಾಲೆಂಡರ್ ನೋಡಿಯೇ.

ಪ್ರತಿನಿಧಿ ಪಟ್ಟು ಬಿಡಲಿಲ್ಲ. “2026ರ ಮಾರ್ಚ್ 3ರಂದು ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತಲ್ಲ? ಆಗ ಬೆಟ್ಟದ ಪಕ್ಕ ಸಿಗಬೇಕಿತ್ತು.”

“ಆ ಲೆಕ್ಕಾನೂ ಹಾಕಿದ್ದೆ.” ಆ ಸಂಜೆ ಪೂರ್ಣಗ್ರಹಣ 5.33ಕ್ಕೇ ಮುಗಿದಿತ್ತು, ಈ ಕಡೆ ಚಂದ್ರ ಹುಟ್ಟಿದ್ದು ಆರೂವರೆ ಸುಮಾರಿಗೆ, ಪಾರ್ಶ್ವಗ್ರಹಣದ ಬಾಲ ಹಿಡಿದುಕೊಂಡು. 6.47ಕ್ಕೆ ಅದೂ ಬಿಟ್ಟಿತು. ಆ ಕಾಲು ಗಂಟೆಯಲ್ಲಿ ಚಂದ್ರ ಏರಿದ್ದು ಸುಮಾರು ನಾಲ್ಕು ಡಿಗ್ರಿ. ಬೆಟ್ಟದ ಪಶ್ಚಿಮಕ್ಕೆ, ಅದು ಎತ್ತರವಾಗಿ ಕಾಣುವಷ್ಟು ಹತ್ತಿರ ನಿಂತರೆ, ಅವನು ಬಂಡೆಯಿಂದ ತಲೆ ಎತ್ತುವ ಹೊತ್ತಿಗೆ ಗ್ರಹಣ ಬಿಟ್ಟು ಮೈ ತೊಳೆದುಕೊಂಡಾಗಿರುತ್ತಿತ್ತು.

“ಸೆಪ್ಟೆಂಬರಲ್ಲಿ ಚಂದ್ರ ಸಿಕ್ಕಾಪಟ್ಟೆ ಮೇಲೆ, ಮಾರ್ಚಲ್ಲಿ ಸಿಕ್ಕಾಪಟ್ಟೆ ಕೆಳಗೆ. ನಿಮ್ಮ ಮುಖಪುಟದ ಫೋಟೊಕ್ಕೆ ಮಾತ್ರ ಸರಿಯಾಗಿ ಬೆಟ್ಟದ ನೆತ್ತಿ ಮೇಲೇ ಕೂತಿದ್ದ.”

ಪ್ರಿಂಟ್ ಚೀಲದೊಳಕ್ಕೆ ವಾಪಸ್ ಹೋಯಿತು.

ನಮ್ಮಲ್ಲಿ ಮುಂದಿನ ಪೂರ್ಣ ಚಂದ್ರಗ್ರಹಣ 2028ರ ಡಿಸೆಂಬರ್ 31ರ ರಾತ್ರಿ. ಪೂರ್ಣಗ್ರಹಣ 9.46ಕ್ಕೆ ಶುರು, 71 ನಿಮಿಷ. ಆಗಲೂ ಚಂದ್ರ 50 ಡಿಗ್ರಿ ದಾಟಿರುತ್ತಾನೆ. ಬೆಟ್ಟದ ಆಸೆ ಈಗಲೇ ಬಿಡಬಹುದು. ಮಳೆಗಾಲವಲ್ಲ ಎಂಬುದೊಂದು ಸಮಾಧಾನ. ಆ ದಿನಕ್ಕೆ ತಾವು ಅಟ್ಟ ಇಳಿದು ಬರುವಿರಾ ಎಂದು ಕೇಳಿದ್ದಕ್ಕೆ ಸ್ಟ್ಯಾಂಡ್ ಬೇಡಿಕೆಗಳ ಪಟ್ಟಿಯನ್ನೇ ಕೊಟ್ಟಿತು: ಸವೆದ ತಿರುಪಿಗೆ ಹೊಸದು, ಕಾಲಿಗೆ ರಬ್ಬರ್ ಬೂಟು, ಹೊಸ ವರ್ಷದ ಪಟಾಕಿ ಹೊಡೆಯುವ ಹುಡುಗರು ಎರಡು ಬೀದಿ ಆಚೆ.

“ಇನ್ನೊಂದು. ಸ್ಪರ್ಶ ಎಂಟೂವರೆ ದಾಟಿದ ಮೇಲೆ, ಮೋಕ್ಷ ರಾತ್ರಿ 12.06ಕ್ಕೆ. ಹಿಡಿಯೋದು ಒಂದು ವರ್ಷ, ಬಿಡೋದು ಇನ್ನೊಂದು ವರ್ಷ. ಫೋಟೊ ಕೆಳಗೆ ಯಾವ ಇಸವಿ ಹಾಕ್ಬೇಕು ಅಂತ ನಿಮ್ಮ ಸಂಪಾದಕರನ್ನ ಈಗ್ಲೇ ಕೇಳಿಟ್ಕೊಳಿ.”