ಡೆಕೋರೇಶನ್ ಅಳಿಯ

ಅಳಿಯಂದಿರಲ್ಲಿ ತರಾವರಿ ಇರುತ್ತಾರೆ. ಉಂಡು ಮಲಗುವ ಅಳಿಯ, ಮಾವನ ಹೊಲವನ್ನು ಕಣ್ಣಲ್ಲೇ ಅಳೆಯುವ ಅಳಿಯ, ರಾಜಕೀಯ ಮಾತಾಡಿ ಮನೆಮಂದಿಯ ಬಿಪಿ ಏರಿಸುವ ಅಳಿಯ. ಹೂವಿನ ಹಡಗಲಿ ತಾಲ್ಲೂಕಿನ ಇಟ್ಟಿಗಿ ಇವರನ್ನೆಲ್ಲ ಸಹಿಸಿಕೊಂಡು ಬಂದಿದೆ. ಈಚೆಗೆ ಒಂದು ಹೊಸ ತಳಿ ಸೇರಿಕೊಂಡಿದೆ: ಡೆಕೋರೇಶನ್ ಅಳಿಯ. ಇವನ ಹಂಗಾಮು ಡಿಸೆಂಬರ್ ಕೊನೆಯ ವಾರ, ಕ್ರಿಸ್‌ಮಸ್ ಹೊತ್ತು. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರದ ಕೆರೆಗೆ ಹೊರದೇಶದ ಹಕ್ಕಿಗಳು ಇಳಿಯುವ ಕಾಲಕ್ಕೇ ಇವನೂ ಬೆಂಗಳೂರು ಬಸ್ಸಿನಿಂದ ಇಳಿಯುತ್ತಾನೆ. ಹಕ್ಕಿಗಳಾದರೆ ಸಾಮಾನು ತರುವುದಿಲ್ಲ.

ಈ ಗೀಳು ಅಂಟುವುದು ಐಟಿ ಕಂಪನಿಯಲ್ಲಿ. ವರ್ಷದ ಕೊನೆಗೆ ಅಲ್ಲಿ ಕಂಪ್ಯೂಟರ್ ಸಾಲುಗಳನ್ನು ಸಿಂಗರಿಸುವ ಪೈಪೋಟಿ ನಡೆಯುತ್ತದೆ. ಬೇ ಡೆಕೋರೇಶನ್ ಅಂತಾರೆ. ಅದರಲ್ಲಿ ಎರಡನೇ ಬಹುಮಾನ ಅಂತ ಒಂದು ಕಾಫಿ ಮಗ್ ಗೆದ್ದವನಿಗೆ ಆಮೇಲೆ ಖಾಲಿ ಗೋಡೆ ಕಂಡರೆ ಕೈ ಕಡಿಯತೊಡಗುತ್ತದೆ. ಮಾವನ ಮನೆಯಲ್ಲಂತೂ ಎಲ್ಲವೂ ಖಾಲಿ ಗೋಡೆಯೇ. ಇರುವುದು ಕೊಟ್ಟೂರೇಶ್ವರನ ಒಂದು ಫೋಟೊ, ಗೊಬ್ಬರದ ಅಂಗಡಿಯ ಒಂದು ಕ್ಯಾಲೆಂಡರ್.

ರಟ್ಟಿನ ಡಬ್ಬಿ ಬಿಚ್ಚಿದರೆ ಮೂರು ತುಂಡಿನ ಪ್ಲಾಸ್ಟಿಕ್ ಮರ, ನಾಲ್ಕಾರು ಸೀರಿಯಲ್ ಸೆಟ್, ಕೆಂಪು ಕಾಲುಚೀಲ, ಒಂದು ಚೀಲ ಪ್ಲಾಸ್ಟಿಕ್ ಹೂವು. ಊರ ಹೆಸರಲ್ಲೇ ಹೂವಿರುವ ತಾಲ್ಲೂಕು ಇದು, ಇಲ್ಲಿನ ಮಲ್ಲಿಗೆಗೆ ಜಿಐ ಪಟ್ಟ ಸಿಕ್ಕಿದೆ. ಅತ್ತೆ ಆ ಹೂವನ್ನು ಮೂಸಿ ನೋಡಿ ಸದ್ದಿಲ್ಲದೆ ಕೆಳಗಿಟ್ಟರು. ಕಾಲುಚೀಲ ಕಂಡಾಗ ಮಾತ್ರ ಸುಮ್ಮನಿರಲಾಗಲಿಲ್ಲ.

“ಅಳಿಯಂದ್ರ, ಇದು ಒಂದ ಕಾಲಿಂದು ಐತಲ್ರೀ?”

“ಅದು ಕಾಲಿಗಲ್ಲ ಅತ್ತೆ, ಗೋಡೆಗೆ.”

“ಗೋಡಿಗೂ ಥಂಡಿ ಏನ್ರೀ?”

ಅಳಿಯನಿಗೆ ಬೇಡ ಅನ್ನುವ ಸಂಪ್ರದಾಯ ನಮ್ಮಲ್ಲಿಲ್ಲ. ಕೇಳಿದ ಕೂಡಲೆ ಏಣಿ ಬಂತು. ಅವನು ಏಣಿ ಹತ್ತಿ ನಿಂತರೆ ಥೇಟ್ ಮೈಲಾರದ ಕಾರ್ಣಿಕ. ಅಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತು ನುಡಿಯುತ್ತಾನೆ, ಅದರ ಅರ್ಥವನ್ನು ನಾಡೇ ವರ್ಷವಿಡೀ ಬಿಡಿಸುತ್ತದೆ. ಇಲ್ಲಿ ಅಳಿಯ ಮೇಲಿಂದ ನುಡಿದದ್ದು: “ವೈಬ್ ಬರ್ತಿಲ್ಲ.” ಕೆಳಗೆ ಎಲ್ಲರೂ ಗಪ್‌ಚುಪ್. ವೋಲ್ಟೇಜ್ ಕಡಿಮೆ ಇರಬೇಕು ಅಂದುಕೊಂಡ ಮಾವ ಮೀಟರ್ ಬೋರ್ಡಿನ ಕಡೆ ನಡೆದರು. ಮುಂಜಾನೆಯ ಉಪ್ಪಿಟ್ಟು ಸೇರಲಿಲ್ಲವೇನೋ ಎಂದು ಅತ್ತೆಗೆ ಅಳುಕು. ಬಾಜೂ ಮನೆಯ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಪಿಸುಗುಟ್ಟಿದಳು: “ಬಂಗಾರ ಕೇಳಾಕತ್ತಾನೇನ ನೋಡ್ರೆವ್ವಾ.”

ಮುಂದಿನ ಕೆಲಸ ಹಿಮ ಸುರಿಸುವುದು. ಎರೆಹೊಲದ ಸೀಮೆಯಲ್ಲಿ ಹಿಮ ಎಲ್ಲಿಂದ ಬರಬೇಕು? ಅಳಿಯ ಔಷಧಿ ಅಂಗಡಿಗೆ ಹೋಗಿ ಹತ್ತಿಯ ಸುರುಳಿಗಳನ್ನು ದುಡ್ಡು ಕೊಟ್ಟು ತಂದ. ಹಿತ್ತಲ ಕೋಣೆಯಲ್ಲಿ ಬಿಡಿಸಿದ ಹತ್ತಿಯ ಅಂಡಿಗೆಗಳು ಸೂರಿನವರೆಗೆ ಒಟ್ಟಿದ್ದವು. ಅದು ಹಿಮದಂತೆ ಕಾಣುವುದಿಲ್ಲವಂತೆ, ಬೀಜ ಇರುತ್ತವಂತೆ.

ಆಮೇಲೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ. ಇಟ್ಟಿಗಿ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೆ ದನ ಕಟ್ಟುವ ಜಾಗ, ಅದಕ್ಕಿಂತ ಮೊಳ ಎತ್ತರದಲ್ಲಿ ಪಡಸಾಲೆ, ಅಂಚಿಗೆ ಮೇವು ಹಾಕುವ ಗ್ವಾದಲಿ. ಎತ್ತು ತಲೆ ಎತ್ತಿದರೆ ಉಣ್ಣುವವರ ಗಂಗಾಳವೇ ಕಾಣುತ್ತದೆ. ಅಂಥ ಪಡಸಾಲೆಯಲ್ಲಿ ಕೂತು ಅಳಿಯ ಥರ್ಮಾಕೋಲಿನಲ್ಲಿ ಕೊಟ್ಟಿಗೆ ಕೊರೆದ. ಪ್ಲಾಸ್ಟಿಕ್ ಕುರಿಗಳನ್ನು ಆನ್‌ಲೈನಿನಲ್ಲಿ ತರಿಸಿದ್ದ. ಹೊರಗೆ ಜೀವಂತ ಕುರಿಹಿಂಡು ಹಡಗಲಿ ಬಸ್ಸನ್ನು ತಡೆದು ನಿಲ್ಲಿಸಿತ್ತು. ಅಲಂಕಾರದ ಹುಲ್ಲು ಅಂತ ಒಂದು ಪೊಟ್ಟಣವೂ ಬಂದಿತ್ತು. ಎತ್ತು ಕತ್ತು ಚಾಚಿ ಅದನ್ನು ಮೂಸಿತು, ಸೀನಿತು, ಮೊಕ ತಿರುವಿತು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯ ಏರ್ಪಡಿಸಿದಾಗ ತರಿಸಿದ್ದು ನಿಜವಾದ ಎತ್ತು, ಕತ್ತೆ, ಒಣಹುಲ್ಲು. ಇಟ್ಟಿಗಿಯಲ್ಲಿ ಅಷ್ಟನ್ನೂ ತರಿಸುವ ತೊಂದರೆಯೇ ಇರಲಿಲ್ಲ, ಇದ್ದಲ್ಲೇ ಇತ್ತು. ಅಳಿಯನ ಫೋಟೊದಲ್ಲಿ ಮಾತ್ರ ಅದು ಬರಕೂಡದು. “ಮಾವ, ಎತ್ತನ್ನ ಸ್ವಲ್ಪ ಹೊರಗೆ ಕಟ್ತೀರಾ? ಫ್ರೇಮಲ್ಲಿ ಬರುತ್ತೆ.”

ಸಂಜೆಗೆ ಮಾವನಿಗೆ ಒಂದು ಪಾಠವೂ ಆಯಿತು. ಕ್ರಿಸ್‌ಮಸ್ ಅಂದರೆ ಮನೆ ಕೋಝಿ ಆಗಿರಬೇಕು, ಅಂದರೆ ಬೆಚ್ಚಗೆ, ಹಿತವಾಗಿ ಇರಬೇಕು ಎಂದ ಅಳಿಯ. ಕೌದಿ ಹೊದ್ದು ಕೂತಿದ್ದ ಮಾವ, ಫೋಟೊಕ್ಕೆ ಬೆಳಕು ಬರಲಿ ಅಂತ ಮಧ್ಯಾಹ್ನದಿಂದ ತೆರೆದೇ ಇದ್ದ ಬಾಗಿಲನ್ನು ನೋಡಿ ಹೇಳಿದರು: “ಹಂಗಾದ್ರ ಮೊದಲ ಬಾಗಲಾ ಹಾಕ್ರಿ.”

ಆ ಬಾಗಿಲಲ್ಲೇ ಬಂದವರು ಮಾವನ ಹಳೆಯ ಗೆಳೆಯ, ಬಳ್ಳಾರಿಯ ನಿವೃತ್ತ ಮಾಸ್ತರು. ಕ್ರೈಸ್ತರು. ಬಳ್ಳಾರಿ ಸೀಮೆಗೆ ಈ ಹಬ್ಬ ಹೊಸದೇನಲ್ಲ. ಬೈಬಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆ ನಿಂತದ್ದು 1810ರಲ್ಲಿ. ಮಾಸ್ತರ ಮನೆಯಲ್ಲಿ ಹಬ್ಬಕ್ಕೆ ಸುಣ್ಣ ಬಳಿಯುತ್ತಾರೆ, ಬಾಗಿಲಿಗೆ ಬಣ್ಣದ ಕಾಗದದ ನಕ್ಷತ್ರ ಕಟ್ಟಿ ಒಳಗೊಂದು ಬಲ್ಬು ಇಳಿಬಿಡುತ್ತಾರೆ, ಅಲ್ಲಿಗೆ ಅಲಂಕಾರ ಮುಗಿಯಿತು. ಮುಗಿಯದೆ ಉಳಿಯುವುದು ಓಣಿಗೆಲ್ಲ ತಿಂಡಿ ಹಂಚುವ ಕೆಲಸ. ಅವರು ಪಡಸಾಲೆಯ ವೈಭವವನ್ನು ಕನ್ನಡಕ ಏರಿಸಿ ನಿಧಾನಕ್ಕೆ ನೋಡಿದರು.

“ಭಾಳ ಚಂದ ಮಾಡೀರಿ. ಊಟಕ್ಕ ಯಾರ್‍ಯಾರನ್ನ ಕರದೀರಿ?”

ಅಳಿಯ ಅತ್ತೆಯ ಮುಖ ನೋಡಿದ. ಯಾರನ್ನೂ ಕರೆದಿರಲಿಲ್ಲ. ಆ ಅಂಶ ಅವನ ಪಟ್ಟಿಯಲ್ಲೇ ಇರಲಿಲ್ಲ.

ಅಳಿಯನ ಮಾನ ಉಳಿಸಬೇಕಾದವರು ಅತ್ತೆ. ಒಲೆ ಮೇಲೆ ಹೆಂಚಿಟ್ಟು ಸಜ್ಜೆ ರೊಟ್ಟಿ ಬಡಿಯಲು ಕೂತರು, ಎಣ್ಣೆಗಾಯಿ ಆಯಿತು, ದೊಡ್ಡವ್ವ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದಳು. ಎಂಟು ಗಂಟೆಗೆ ಕರೆಂಟು ಹೋದಾಗ ಸೀರಿಯಲ್ ಸೆಟ್ಟಿನ ಜೊತೆ ಅಳಿಯನ ಮುಖವೂ ಆರಿತು. ಉಣ್ಣಲು ಕೂತ ಮಂದಿಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಓಣಿಯ ಹುಡುಗರು ಎತ್ತಿನ ಮೂಗಿನ ತುದಿಯಲ್ಲೇ ಕೂತು ಪ್ಲಾಸ್ಟಿಕ್ ಕುರಿ ಮೇಯಿಸುತ್ತಿದ್ದರು.

ರಜೆ ಮುಗಿಸಿ ಅಳಿಯ ಹೋದ ಮೇಲೆ ಅತ್ತೆ ಒಂದನ್ನೂ ಎಸೆಯಲಿಲ್ಲ. ಕಾಲುಚೀಲದಲ್ಲಿ ಬೆಳ್ಳುಳ್ಳಿ ತುಂಬಿ ಗೂಟಕ್ಕೆ ನೇತುಹಾಕಿದರು. ಸೀರಿಯಲ್ ಸೆಟ್ಟನ್ನು ಕೊಟ್ಟೂರು ತೇರಿನ ಹೊತ್ತಿಗೆ ಅಂತ ಎತ್ತಿಟ್ಟರು. ಪ್ಲಾಸ್ಟಿಕ್ ಮರ ಜೋಳದ ಹೊಲದ ನಡುವೆ ನಿಂತು ಹಕ್ಕಿ ಬೆದರಿಸುತ್ತಿದೆ.

ನಿಮ್ಮ ಮನೆಗೂ ಇಂಥ ಅಳಿಯ ಬಂದಾನು. ಬೇಡ ಅನ್ನಬೇಡಿ, ಅವನ ನೆಪದಲ್ಲಿ ಜಂತಿಯ ಜೇಡರ ಬಲೆಯಾದರೂ ಹೋಗುತ್ತದೆ, ಹಳೆಯ ಹೋಲ್ಡರ್ ರಿಪೇರಿಯಾಗುತ್ತದೆ. ಆದರೆ ಊಟಕ್ಕೆ ಯಾರ್‍ಯಾರು ಬರುತ್ತಾರೆ ಅಂತ ಅವನು ಹೇಳುವ ತನಕ ಏಣಿ ಮಾತ್ರ ಕೊಡಬೇಡಿ.