ಉತಾರ ಮೀಮಾಂಸೆ

ಗಣಕದ ಪರದೆ ಸರಳವಾದಷ್ಟೂ ಮನುಕುಲ ಮುಂದೆ ಹೋಗುತ್ತದೋ ಹಿಂದೆ ಸರಿಯುತ್ತದೋ ಎಂಬ ವಿಷಯದಲ್ಲಿ ಪಂಡಿತರು ಎರಡು ಪಂಥವಾಗಿದ್ದಾರೆ: ಮುಂದೆ ಎನ್ನುವ ಗುಂಡಿವಾದಿಗಳು ಮತ್ತು ಹಿಂದೆ ಎನ್ನುವ ದಫ್ತರವಾದಿಗಳು. ಈ ವ್ಯಾಜ್ಯದ ಇತ್ಯರ್ಥಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗಿಂತ ಪ್ರಶಸ್ತವಾದ ಪ್ರಯೋಗಶಾಲೆ ಇಲ್ಲ. ಹೊಲದ ಉತಾರ, ಅಂದರೆ ಪಹಣಿ, ಇಲ್ಲದೆ ಇಲ್ಲಿ ಬೆಳೆಸಾಲ ಹುಟ್ಟುವುದಿಲ್ಲ. ಉತಾರ ಹುಟ್ಟುವುದೋ, ಈಗ ಗಣಕದಲ್ಲಿ.

ಪೂರ್ವಪಕ್ಷ. ಗುಂಡಿವಾದಿಗಳಿಗೆ ಪರಮ ಪ್ರಮಾಣ ‘ಭೂಮಿ’ ಯೋಜನೆ. ಅದಕ್ಕೆ ಮೊದಲು ರಾಜ್ಯದ ಜಮೀನೆಲ್ಲ ಸುಮಾರು 9,000 ತಲಾಟಿಗಳ (ಗ್ರಾಮ ಲೆಕ್ಕಿಗರ) ದಫ್ತರದಲ್ಲಿ ಮಲಗಿತ್ತು. ತಲಾಟಿ ಊರಿಗೆ ಬಂದ ದಿನವೇ ಅದಕ್ಕೆ ಎಚ್ಚರ. 2000ದ ದಶಕದ ಆರಂಭದಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಗಣಕ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಉತಾರ ಕೈಗೆ ಬರುತ್ತಿತ್ತು. ಸಿಬ್ಬಂದಿ ಏನು ಒತ್ತುತ್ತಿದ್ದಾರೆಂದು ಕಾಣಲಿ ಎಂದು ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ ಬೇರೆ. ಮುಂದೆ ಜಾಲತಾಣವೂ ಬಂತು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದರೆ ಮುಗಿಯಿತು.

ಮುಗಿಯಲಿಲ್ಲ. ಮುಂದೆ ‘ಸರ್ನೋಕ್’ ಎಂಬ ಖಾನೆ ಇದೆ. ಒತ್ತಿದರೆ ಬಹುಪಾಲು ಸಲ ಕಾಣುವುದು ಒಂದೇ ಒಂದು ನಕ್ಷತ್ರ ಚಿಹ್ನೆ. ಆರಿಸಲು ಬೇರೇನೂ ಇಲ್ಲ, ಆದರೂ ಆರಿಸಬೇಕು. ಅದ್ವೈತಿಗಳು ಇದನ್ನು ತಮ್ಮ ಮತಕ್ಕೆ ಆಧಾರವೆಂದರೆ, ಜ್ಯೋತಿಷಿಗಳು ಹೊಲದ ಜನ್ಮನಕ್ಷತ್ರವೆನ್ನುತ್ತಾರೆ.

ಉತ್ತರಪಕ್ಷ. ತಹಶೀಲ್ದಾರ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ದಿನಾ ನಡೆಯುವ ಶಾಸ್ತ್ರಾರ್ಥದ ಮಾದರಿ ಇದು:

“ಸರ್ವೆ ನಂಬರ್ ಎಷ್ಟರೀ ಕಾಕಾ?”

“ನಂಬರ್ ಯಾರಿಗ್ಗೊತ್ತೋ ತಮ್ಮಾ. ಹಳ್ಳದ ದಂಡಿ ಹೊಲ, ಬದುವಿಗೆ ಎರಡ ಬೇವಿನ ಗಿಡ ಅದಾವ.”

“ಹೋಬಳಿ?”

“ನಮ್ಮೂರದ್ದ ಹಾಕು.”

ಬೇವಿನ ಗಿಡಕ್ಕೆ ಖಾನೆ ಇಲ್ಲ. ತಲಾಟಿಗೆ ಇಷ್ಟು ಗುರುತು ಸಾಕಿತ್ತು ಎಂಬುದೇ ದಫ್ತರವಾದಿಗಳ ಬ್ರಹ್ಮಾಸ್ತ್ರ. ಕಿತ್ತೂರಿನವರ ಪಾಡು ಇನ್ನೂ ಸೂಕ್ಷ್ಮ: ಬೈಲಹೊಂಗಲದಿಂದ ಬೇರೆಯಾಗಿ ತಾಲ್ಲೂಕಾದದ್ದನ್ನು ಮರೆತು ಹಳೆಯ ತಾಲ್ಲೂಕಿನಡಿ ಹುಡುಕಿದರೆ ಊರಿಗೆ ಊರೇ ಮಾಯ.

ದಫ್ತರವಾದಿಗಳಿಗೆ ಪಾಶ್ಚಾತ್ಯ ಪ್ರಮಾಣವೂ ಉಂಟು. 2012ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 8ರಿಂದ ‘ಸ್ಟಾರ್ಟ್’ ಗುಂಡಿಯನ್ನೇ ಕಿತ್ತುಹಾಕಿತು. ಲೋಕ ಬೊಬ್ಬೆಯಿಟ್ಟ ಮೇಲೆ 2013ರ 8.1ರಲ್ಲಿ ಮರಳಿ ತಂದಿಟ್ಟಿತು. ಕಟ್, ಕಾಪಿ, ಪೇಸ್ಟ್ ಬಳಕೆಗೆ ತಂದ ಲ್ಯಾರಿ ಟೆಸ್ಲರ್ ಅವರ ನಿಯಮದ ಪ್ರಕಾರ ತೊಡಕು ಒಂದು ಮಿತಿಯಾಚೆ ಕರಗುವುದಿಲ್ಲ. ಬಳಸುವವನೋ ತಂತ್ರಾಂಶ ಬರೆಯುವವನೋ ಹೊರಲೇಬೇಕು. ಝೆರಾಕ್ಸ್ ಕಂಪನಿಯಲ್ಲೇ ದುಡಿದಿದ್ದರೂ ಅವರ ನಿಯಮದಲ್ಲಿ ಝೆರಾಕ್ಸ್ ಅಂಗಡಿಯ ಹುಡುಗನಿಗೆ ಜಾಗವಿಲ್ಲ. ಯಾವ ಊರು ಯಾವ ಹೋಬಳಿ, ಯಾವ ಹೊತ್ತಿಗೆ ಸರ್ವರ್ ಏಳುತ್ತದೆ, ನಕ್ಷತ್ರವನ್ನು ಯಾವಾಗ ಒತ್ತಬೇಕು — ದಫ್ತರ ಈಗ ಅವನ ತಲೆಯಲ್ಲಿದೆ.

ಸಿದ್ಧಾಂತ. ಉತಾರದ 3ನೇ ಕಾಲಮಿನಲ್ಲಿ ಹೊಲದ ಒಟ್ಟು ಕ್ಷೇತ್ರ, 9ರಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು; ಎರಡೂ ತಾಳೆಯಾಗಬೇಕು. 4 ಎಕರೆ ಹೊಲದಲ್ಲಿ ಮೂವರು ಅಣ್ಣತಮ್ಮಂದಿರ ಪಾಲು ಕೂಡಿದರೆ 4 ಎಕರೆ 6 ಗುಂಟೆ ಆಯಿತೆನ್ನಿ. ಆ 6 ಗುಂಟೆಯನ್ನು ನುಂಗುವ ಗುಂಡಿಯನ್ನು ಯಾರೂ ಇನ್ನೂ ಮಾಡಿಲ್ಲ. ಕೈಬರಹದ ಕಾಲದಲ್ಲಿ ಅದು ಶಾಯಿಯ ಕಲೆಯಡಿ ಮುಚ್ಚಿಹೋಗುತ್ತಿತ್ತು. ಈಗ ದುಂಡಗೆ ಅಚ್ಚಾಗಿ ಬರುವುದರಿಂದ ಮನೆಯ ಜಗಳವನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಇದು ಪ್ರಗತಿಯೇ ಎಂದು ಪ್ರಸ್ತುತ ಪ್ರಬಂಧ ತೀರ್ಮಾನಿಸುತ್ತದೆ, 6 ಗುಂಟೆ ವಜಾ ಮಾಡಿ. ತಕರಾರು ಇದ್ದವರು ಅವಧಿಯೊಳಗೆ ಅರ್ಜಿ ಕೊಡತಕ್ಕದ್ದು. ಜೊತೆಗೆ ಚಾಲ್ತಿ ಸಾಲಿನ ಉತಾರ ಲಗತ್ತಿಸಬೇಕು.