ಐವತ್ತರ ಹುಡುಗ

ಐವತ್ತು ದಾಟಿದ ಗಂಡಸಿಗೆ ಮತ್ತೆ ಹುಡುಗನಾಗುವ ಆಸೆಯಿದ್ದರೆ ತಲೆಗೆ ಬಣ್ಣ ಬಳಿದುಕೊಳ್ಳಬೇಕಾಗಿಲ್ಲ. ದಕ್ಷಿಣ ಕೊರಿಯಾದ ಗಾಂಗ್ವನ್ ಪ್ರಾಂತ್ಯದ ಗುಡ್ಡದೂರೊಂದರಲ್ಲಿ ಮನೆ ಮಾಡಿದರೆ ಸಾಕು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್‌ನಿಂದ ಹಿಡಿದು ತರಕಾರಿಯವನವರೆಗೆ ಎಲ್ಲರ ಬಾಯಲ್ಲೂ 'ಯಜಮಾನ್ರೇ' ಆಗಿದ್ದ ನಾನು, ಹೆಂಡತಿಯ ನೌಕರಿಯ ಬಾಲ ಹಿಡಿದು ಜಂಗ್‌ಸನ್ ಕಡೆಯ ಈ ಹಳ್ಳಿಗೆ ಬಂದ ವಾರದಲ್ಲೇ 'ಆ ಹುಡುಗ' ಆಗಿಹೋದೆ. ಇಲ್ಲಿನ ಯುವಕ ಸಂಘದ ಅಧ್ಯಕ್ಷರಿಗೆ ಅರವತ್ತೆರಡು. ಮಂಡಿನೋವು ಬೇರೆ.

ನಿಜವಾದ ಹುಡುಗರೆಲ್ಲ ಸಿಯೋಲ್ ಸೇರಿದ್ದಾರೆ. ಊರಿನಲ್ಲಿ ಉಳಿದಿರುವುದು ಅಜ್ಜಿಯರ ರಾಜ್ಯಭಾರ. ಗುಂಗುರು ಗುಂಗುರಾಗಿ ಪರ್ಮ್ ಮಾಡಿಸಿದ ಕೂದಲು, ಹೂಹೂವಿನ ದೊಗಲೆ ಪೈಜಾಮ, ಮುಖ ಮರೆಯಾಗುವಷ್ಟು ಅಗಲದ ಬಿಸಿಲು ಟೋಪಿ. ಹಿಂದಿನಿಂದ ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ. ಮುಂದಿನಿಂದ ನೋಡಿ ತಿಳಿದರೂ ಪ್ರಯೋಜನವಿಲ್ಲ, ಎಲ್ಲರೂ ಕೆಲಸ ಹೇಳುವವರೇ.

ಇಲ್ಲಿ ಪರಿಚಯವಾದ ಕೂಡಲೇ ಕೇಳುವುದು ವಯಸ್ಸು. ಯಾರು ಯಾರಿಗೆ ಬಗ್ಗಬೇಕು, ಯಾರ ಲೋಟಕ್ಕೆ ಯಾರು ಎರಡೂ ಕೈ ಹಿಡಿದು ಸುರಿಯಬೇಕು ಎಂಬುದು ಮೊದಲು ತೀರ್ಮಾನವಾಗಬೇಕಲ್ಲ. ಹಳೆಯ ಲೆಕ್ಕದಲ್ಲಿ ಮಗುವಿಗೆ ಹುಟ್ಟುವಾಗಲೇ ಒಂದು ವರ್ಷ. ಆಮೇಲೆ ಹೊಸ ವರ್ಷದ ದಿನ ದೇಶಕ್ಕೆ ದೇಶವೇ ಒಂದೊಂದು ವರ್ಷ ದೊಡ್ಡದಾಗುತ್ತಿತ್ತು. 2023ರ ಜೂನ್‌ನಲ್ಲಿ ಸರ್ಕಾರ, ಇನ್ನು ಮುಂದೆ ಕಾಗದಪತ್ರಕ್ಕೆಲ್ಲ ಹುಟ್ಟಿದ ದಿನದ ಲೆಕ್ಕವೇ ಎಂಬ ಕಾನೂನನ್ನು ಜಾರಿಗೆ ತಂದು ಎಲ್ಲರ ವಯಸ್ಸಿನಲ್ಲೂ ಒಂದೋ ಎರಡೋ ವರ್ಷ ಕತ್ತರಿಸಿತು. ಪಕ್ಕದ ಮನೆಯ ಅಜ್ಜಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. "ಅಮ್ಮನ ಹೊಟ್ಟೇಲಿ ನಾನೇನು ಸುಮ್ನೆ ಕೂತಿದ್ನಾ?" ಎನ್ನುತ್ತಾರೆ. ನನ್ನ ವಿಷಯದಲ್ಲಿ ಮಾತ್ರ ಕಾನೂನಿಗೆ ಪೂರ್ಣ ಗೌರವ: "ನಿಂಗೆ ವಯಸ್ಸು ಕಮ್ಮಿ ಮಾಡಿದಾರಲ್ಲ, ಬಾ, ಈ ಮೂಟೆ ಎತ್ತು."

ಹುಡುಗನನ್ನು ಕರೆಯಲು ಮೈಕಿದೆ. ಊರ ಮುಖ್ಯಸ್ಥರು, ಇಲ್ಲಿಯವರ 'ಈಜಾಂಗ್', ಬೆಳಗ್ಗೆ ಬೆಳಗ್ಗೆ "ಆ, ಆ" ಎಂದು ಗಂಟಲು ಸರಿಮಾಡಿಕೊಂಡರೆ ಇಡೀ ಕಣಿವೆ ಎದ್ದು ಕೂರುತ್ತದೆ. 1970ರಲ್ಲಿ ಸರ್ಕಾರ ಊರೂರಿಗೂ 335 ಚೀಲ ಸಿಮೆಂಟು ಕೊಟ್ಟು, ನಿಮ್ಮೂರನ್ನು ನೀವೇ ಉದ್ಧಾರ ಮಾಡಿಕೊಳ್ಳಿ ಎಂದು 'ಸೇಮಾಉಲ್' ಚಳವಳಿ ಹೂಡಿದ ಕಾಲಕ್ಕೆ ಈ ಧ್ವನಿವರ್ಧಕಗಳಲ್ಲಿ ಮುಂಜಾನೆ ಚಳವಳಿಯ ಹಾಡು ಮೊಳಗುತ್ತಿತ್ತಂತೆ. ಹಾಡು ನಿಂತಿದೆ, ಮೈಕು ನಿಂತಿಲ್ಲ. ಗೊಬ್ಬರ ಬಂದಿದೆ, ಕಾಡುಹಂದಿ ಮುಸುಕಿನ ಜೋಳಕ್ಕೆ ನುಗ್ಗಿದೆ, ಇತ್ಯಾದಿ. ಮೊನ್ನೆ ಅದರಲ್ಲೇ "ಇಂಡಿಯಾ ಹುಡುಗನಿಗೆ ಪಾರ್ಸೆಲ್ ಬಂದಿದೆ, ಖಾರದ ವಾಸನೆ ಹೊಡೀತಿದೆ" ಎಂದು ಘೋಷಣೆಯಾಯಿತು. ನಮ್ಮಮ್ಮನ ಸಾರಿನಪುಡಿಗೆ ಅಷ್ಟು ದೊಡ್ಡ ಪ್ರಚಾರ ಮೈಸೂರಿನಲ್ಲೂ ಸಿಕ್ಕಿರಲಿಲ್ಲ.

ನವೆಂಬರ್ ಬಂತೆಂದರೆ ಕಿಮ್‌ಜಾಂಗ್. ಚಳಿಗಾಲ ಪೂರ್ತಿಗೆ ಬೇಕಾದ ಕಿಮ್ಚಿಯನ್ನು ಊರವರೆಲ್ಲ ಸೇರಿ ಹಾಕುವ ಈ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದವರು ಯಾರೂ ಕೋಸು ಹೊತ್ತಿರಲಾರರು. ಒಂದೊಂದೂ ಎಳೆಗೂಸಿನಷ್ಟು ತೂಕದ ಉದ್ದನೆಯ ಎಲೆಕೋಸು. ಹೊಲದಿಂದ ಹೊತ್ತು ತಂದು, ಸೀಳಿ, ರಾತ್ರಿಯಿಡೀ ಉಪ್ಪಿನಲ್ಲಿ ನೆನೆಸಿ, ಬೆಳಗ್ಗೆ ಕೊರೆಯುವ ನೀರಿನಲ್ಲಿ ತೊಳೆದು, ಬಸಿಯಬೇಕು. ಇದಿಷ್ಟೂ ಹುಡುಗರ ಪಾಲು. ಅಜ್ಜಿಯರು ಕೆಂಪು ರಬ್ಬರ್ ಕೈಗವಸು ತೊಟ್ಟು ಸುತ್ತ ಕುಕ್ಕರಗಾಲಲ್ಲಿ ಕೂತು, ಎಲೆ ಎಲೆ ಬಿಡಿಸಿ, ಬುಡದವರೆಗೂ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿಯ ಮಸಾಲೆ ತುಂಬುತ್ತಾರೆ. ಕೊನೆಗೆ ಹೊರಗಿನ ಎಲೆಯಿಂದ ಇಡೀ ಗಡ್ಡೆಯನ್ನು ಬಿಗಿಯಾಗಿ ಸುತ್ತಿ ಡಬ್ಬಿಗೆ ಒತ್ತುತ್ತಾರೆ. ಕೈಯ ವೇಗಕ್ಕೆ ಬಾಯಿಯ ವೇಗ ಸರಿಸಾಟಿ. ಊರಿನ ಸೊಸೆಯಂದಿರು ಆ ಹೊತ್ತಿಗೆ ಸಿಯೋಲ್‌ನಲ್ಲಿ ಬಿಕ್ಕುತ್ತಿರಬೇಕು.

ನಡುವೆ ಒಬ್ಬರು ಮಸಾಲೆ ಸುತ್ತಿದ ಎಲೆಯನ್ನು ನನ್ನ ಬಾಯಿಗೇ ಹಿಡಿದರು. ಸಸ್ಯಾಹಾರಿ ಎಂದೆ. "ಮಾಂಸ ಎಲ್ಲಿದೆಯಪ್ಪಾ ಇದರಲ್ಲಿ? ಬರೀ ಉಪ್ಪುಸಿಗಡಿ!" ಮುಂದಿನ ವರ್ಷ ನನಗೆಂದೇ ಸಿಗಡಿಯಿಲ್ಲದ ಒಂದು ಪಾತ್ರೆ ಬೇರೆ ಮಾಡಿದರು. ಎಲ್ಲರೂ ರುಚಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನ ಬೆನ್ನು ಸವರಿ ಮುಂದೆ ಹೋದರು.

ಚಳಿ ಬಿದ್ದ ಮೇಲೆ ಅಜ್ಜಿಯರು ಊರ ಸಭಾಭವನದ ಬಿಸಿನೆಲದ ಮೇಲೆ ಹ್ವಾತು ಇಸ್ಪೀಟಿಗೆ ಕೂರುತ್ತಾರೆ. ಹೂವಿನ ಚಿತ್ರದ 48 ಎಲೆ, ಪಣ ಹತ್ತು ವೋನ್. ನಮ್ಮ ಒಂದು ರೂಪಾಯಿಯೂ ಇಲ್ಲ. ಆದರೆ ಅದಕ್ಕಾಗಿ ನಡೆಯುವ ಜಗಳಕ್ಕೆ ವಕೀಲರು ಬೇಕು. ಆಟದ ನಡುವೆಯೇ ಮೊನ್ನೆ ಸುದ್ದಿ ಬಂತು: ಹೊಳೆ ಬದಿಯ ಖಾಲಿ ಮನೆಗೆ ಸಿಯೋಲ್‌ನಿಂದ ಒಬ್ಬ ಬರುತ್ತಾನಂತೆ, ವಯಸ್ಸು ನಲವತ್ಮೂರು. ಅವನ ಉದ್ಯೋಗವೇನು, ಮದುವೆಯಾಗಿದೆಯೇ ಎಂದು ಅಜ್ಜಿಯರು ವಿಚಾರಿಸುತ್ತಿದ್ದರು. ನಾನು, ಬೆನ್ನು ಗಟ್ಟಿಯಿದೆಯೇ ಎಂದು ಕೇಳಿದೆ.